ವಾತ್ಸ್ಯಾಯನನ ಪ್ರಹಣನಪ್ರಕರಣವೂ ದೇಹಪರಿಜ್ಞಾನವೂ

ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಕಾಮಸೂತ್ರದಿಂದ ನಾಗರಕವೃತ್ತವನ್ನೂ ಅರುವತ್ತುನಾಲ್ಕು ಕಲೆಗಳ ಪಟ್ಟಿಯನ್ನೂ ಹೇಳಿಕೊಟ್ಟು, ಎರಡನೆಯದಾದ ಸಾಂಪ್ರಯೋಗಿಕಾಧಿಕರಣದ ಹಾಳೆಗಳನ್ನು ಒಟ್ಟಿಗೆ ಮಗುಚಿಬಿಡುವುದು ವಾಡಿಕೆಯಾಗಿದ್ದಿತು. ಬೆಳಗಾವಿಯಲ್ಲಿ ಪಾಠ ಹೇಳತೊಡಗಿದ ಮೇಲೆ ನಾವೂ ಬಹುಕಾಲ ಹಾಗೆಯೇ ಮಾಡಿದೆವು. ಖಾನಾಪುರದ ಒಂದು ವಾಚನಗೋಷ್ಠಿಯಲ್ಲಿ ತರುಣ ಅಧ್ಯಾಪಕರೊಬ್ಬರು, "ಪಂಡಿತರೇ, ಇಬ್ಬರು ಗಂಡಸರು ಪರಸ್ಪರ ಒಪ್ಪಿ ಪ್ರಹಾರವನ್ನೂ ಪ್ರಣಯದ ಅಂಗವಾಗಿ ಇಟ್ಟುಕೊಂಡರೆ ಶಾಸ್ತ್ರವು ಏನೆನ್ನುವುದು? ಈಗಿನವರು ಇದನ್ನು 'ಕಿಂಕ್' ಎನ್ನುತ್ತಾರೆ" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳಲು ಮಗುಚಿದ ಹಾಳೆಗಳಿಗೆ ಹಿಂದಿರುಗಬೇಕಾಯಿತು. ಅದರ ಫಲವನ್ನು ವಾಚಕರ ಮುಂದಿಡುತ್ತೇವೆ.

ಸುಮಾರು ಕ್ರಿ.ಶ. 3ನೆಯ ಶತಮಾನದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ 7ನೆಯ ಅಧ್ಯಾಯವು ಪ್ರಹಣನ-ಸೀತ್ಕೃತಗಳನ್ನು ಕುರಿತುದು. ರತಿಯು ಒಂದು ಬಗೆಯ ಕಲಹವೆಂಬುದು ಅದರ ಉಪಕ್ರಮ. ಅಪಹಸ್ತಕ, ಪ್ರಸೃತಕ, ಮುಷ್ಟಿ, ಸಮತಲಕ ಎಂದು ಕೈಯ ನಾಲ್ಕು ಭಂಗಿಗಳನ್ನೂ, ಹೆಗಲು, ಬೆನ್ನು, ಪಕ್ಕೆ ಮುಂತಾದ ಸ್ಥಾನಗಳನ್ನೂ ಹೇಳಿದ ಬಳಿಕ, ಕೀಲಾ, ಕರ್ತರೀ, ವಿದ್ಧಾ, ಸಂದಂಶಿಕಾ ಎಂಬ ಬೇರೆ ನಾಲ್ಕನ್ನು ದಾಕ್ಷಿಣಾತ್ಯರು ಸೇರಿಸುವರೆಂದು ಸೂತ್ರಕಾರನು ಹೇಳುತ್ತಾನೆ. ಹೇಳಿ, ಅವು ಕಷ್ಟಕರವೂ ಅನಾರ್ಯವೂ ಆದುವೆಂದು ತಿರಸ್ಕರಿಸುತ್ತಾನೆ. ಇಲ್ಲಿಯೇ ನಮ್ಮ ನಾಡಿನ ಹೆಸರು ಬರುತ್ತದೆ. ಕುಂತಲದ ಶಾತಕರ್ಣಿ ಶಾತವಾಹನನು ಕರ್ತರೀಪ್ರಹಾರದಿಂದ ಮಹಾದೇವಿಯಾದ ಮಲಯವತಿಯನ್ನು ಕೊಂದನಂತೆ. ಬೆಳಗಾವಿ, ಖಾನಾಪುರ, ಹಲಸಿಗಳು ಪ್ರಾಚೀನ ಕುಂತಲದೊಳಗಿನವೇ ಆದುದರಿಂದ ಈ ಆಕ್ಷೇಪವನ್ನು ಪರರ ಮೇಲಿನದೆಂದು ನಾವು ಓದಲಾಗದು.

ಈ ನಿದರ್ಶನದೊಡನೆಯೇ ಬರುವ ಇನ್ನೊಂದನ್ನು ಕೂಡಿಸಿ ನೋಡಬೇಕು. ಕೈ ಸರಿಯಿಲ್ಲದ ನರದೇವನೆಂಬವನು ವಿದ್ಧಾಪ್ರಹಾರವನ್ನು ತಪ್ಪಾಗಿ ಪ್ರಯೋಗಿಸಿ ನಟಿಯೊಬ್ಬಳ ಕಣ್ಣನ್ನು ಕಳೆದನು. ಮಲಯವತಿಯಾದರೋ ಆಗತಾನೆ ರೋಗದಿಂದ ಎದ್ದು ಬಲಹೀನಳಾಗಿದ್ದಳೆಂದು 13ನೆಯ ಶತಮಾನದ ಜಯಮಂಗಲಾ ವ್ಯಾಖ್ಯೆಯು ತಿಳಿಸುತ್ತದೆ. ಒಬ್ಬನು ಎದುರಿನವಳ ದೇಹವನ್ನರಿಯಲಿಲ್ಲ. ಮತ್ತೊಬ್ಬನು ತನ್ನ ದೇಹವನ್ನೇ ಅರಿಯಲಿಲ್ಲ. ಆದುದರಿಂದಲೇ ಅಧ್ಯಾಯದ ಕೊನೆಯಲ್ಲಿ, ನಾಗಾಲೋಟದ ಕುದುರೆಯು ಹಳ್ಳವನ್ನಾಗಲಿ ಮೋಟುಮರವನ್ನಾಗಲಿ ಕಾಣದಂತೆ ರಾಗಾಂಧರು ಅಪಾಯವನ್ನು ಕಾಣರೆಂದು ಎಚ್ಚರಿಸಿ, ಆಕೆಯ ಮೃದುತ್ವವನ್ನೂ ಬಲವನ್ನೂ ತನ್ನ ಬಲವನ್ನೂ ತಿಳಿದೇ ನಡೆಯಬೇಕೆಂದು ವಿಧಿಸಲಾಗಿದೆ. ಪ್ರಹಣನವು ಶಾಸ್ತ್ರವಾಗುವುದು ಈ ಪರಿಜ್ಞಾನದಿಂದಲೇ ಹೊರತು ಕೈಯ ಭಂಗಿಯಿಂದಲ್ಲ.

ಈ ಭೇದವನ್ನು ಜನ್ನನ ಯಶೋಧರಚರಿತೆ (1209) ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ತಡವಾಗಿ ಬಂದ ಅಮೃತಮತಿಯನ್ನು ಅಷ್ಟಾವಂಕನು ಹೊಡೆಯುವುದನ್ನು ಕೆಲವರು ಪ್ರಹಣನವೆಂದೇ ಬಗೆಯಬಹುದು. ನಮಗೆ ಅದು ಸಮ್ಮತವಲ್ಲ. ಅಲ್ಲಿರುವುದು ಕೋಪ, ಅವಳ ಬಲಾಬಲಗಳ ವಿಚಾರವು ಅವನಲ್ಲಿ ಲೇಶವೂ ಇಲ್ಲ. ಅವಳು ಸಹಿಸಿದಳೆಂಬುದರಿಂದ ಅವನು ಅರಿತು ನಡೆದನೆಂದಾಗದು.

ಆದರೆ ಸೂತ್ರಕಾರನಲ್ಲಿಯೂ ಒಂದು ದೊಡ್ಡ ದೋಷವುಂಟು. ಸಾಕೆನ್ನುವ, ಬಿಡೆನ್ನುವ, ತಡೆಯುವ ಅರ್ಥದ ಮಾತುಗಳನ್ನು ಅವನು ಸೀತ್ಕೃತಾದಿ ಧ್ವನಿಗಳ ಸಾಲಿನಲ್ಲಿಯೇ ಎಣಿಸಿದ್ದಾನೆ. ನಿಷೇಧವೂ ಸುಖದ ಧ್ವನಿಯೇ ಆದರೆ ನಿಜವಾದ ನಿಷೇಧಕ್ಕೆ ಮಾತು ಎಲ್ಲಿ ಉಳಿಯಿತು? ಮಲಯವತಿ ಸಾಕೆಂದಿದ್ದರೂ ಶಾತಕರ್ಣಿಯು ಅದನ್ನು ಹೇಗೆ ಕೇಳುತ್ತಿದ್ದನು? ಈಗಿನವರು ಮೊದಲೇ ಒಂದು ಸಂಕೇತಪದವನ್ನು ಗೊತ್ತುಮಾಡಿಕೊಂಡು, ಅದು ಬಾಯಿಂದ ಬಂದೊಡನೆ ಎಲ್ಲವನ್ನೂ ನಿಲ್ಲಿಸುವರು. ಈ ಅಂಶದಲ್ಲಿ ಅವರು ಸೂತ್ರಕಾರನಿಗಿಂತ ಮುಂದಾಗಿದ್ದಾರೆಂದು ಒಪ್ಪಲು ನಮಗೆ ಸಂಕೋಚವಿಲ್ಲ.

ಆಶ್ಚರ್ಯವೆಂದರೆ, ಈ ದೋಷಕ್ಕೆ ಸಮೀಪದ ಪರಿಹಾರವು ಅದೇ ಅಧಿಕರಣದ 9ನೆಯ ಅಧ್ಯಾಯದಲ್ಲಿ, ಎಂದರೆ ತೃತೀಯಾಪ್ರಕೃತಿಯವರನ್ನು ಹೇಳುವಲ್ಲಿ, ಇದೆ. ಸ್ತ್ರೀರೂಪಿಣಿ, ಪುರುಷರೂಪಿಣಿ ಎಂದು ಅವರು ಎರಡು ವಿಧ. ಎರಡನೆಯವರು ಅಂಗಮರ್ದನದಿಂದ ಜೀವಿಸುವರು; ಕೈಯಿಂದ ಒತ್ತುತ್ತ ಒತ್ತುತ್ತ ಎದುರಿನವನ ಭಾವವನ್ನು ದೇಹದಿಂದಲೇ ಗುರುತಿಸುವರು. ಮುಂದಿನ ಎಂಟು ಕರ್ಮಗಳಲ್ಲಿ ಒಂದೊಂದು ಮುಗಿದಾಗಲೂ ನಿಲ್ಲಿಸುವ ಇಚ್ಛೆಯನ್ನು ತೋರಬೇಕು. ಕೇಳಿದ ಮೇಲೆಯೇ ಮುಂದಿನದು. ಹೆಜ್ಜೆಹೆಜ್ಜೆಗೂ ವಿರಾಮ, ಹೆಜ್ಜೆಹೆಜ್ಜೆಗೂ ಅನುಮತಿ. ಇದು ಜೀವನೋಪಾಯದ ಚಾತುರ್ಯವೆಂದು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವೂ ಅಲ್ಲ. ಆದರೂ ಕ್ರಮವು ಕ್ರಮವೇ. 7ನೆಯ ಅಧ್ಯಾಯದ ನಾಗರಕನು ಊಹಿಸಬೇಕಾದುದನ್ನು 9ನೆಯದರಲ್ಲಿ ಕೇಳಿ ತಿಳಿಯಲಾಗುತ್ತದೆ. ನಾವು ನಾಚಿಕೆಯಿಂದ ಮಗುಚಿದ ಹಾಳೆಯಲ್ಲಿಯೇ ಸಮ್ಮತಿಯ ಪಾಠವು ಅಡಗಿದ್ದಿತು.

ಪ್ರಾಪ್ತವಯಸ್ಕರು ಒಪ್ಪಿ ನಡೆಸುವ ಸಲಿಂಗಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಅಂದಿನಿಂದ ರಾಜಶಾಸನದ ಭಯವು ಹೋಯಿತು. ಪಂಡಿತರ ಮೌನವು ಮಾತ್ರ ಹೋಗಲಿಲ್ಲ. ತರುಣರು ಅರಿವಿಲ್ಲದೆ ಕೈಯೆತ್ತಿದರೆ ಆ ಅಜ್ಞಾನದಲ್ಲಿ ನಮ್ಮ ಪಾಲೂ ಇರುವುದು. ಆದಕಾರಣ ಈ ಎರಡು ಅಧ್ಯಾಯಗಳನ್ನು ಪ್ರೌಢ ವಿದ್ಯಾರ್ಥಿಗಳಿಗೆ ಬಿಡದೆ, ಒಂದನ್ನು ಇನ್ನೊಂದರಿಂದ ತಿದ್ದುತ್ತ, ಕೂಡಿಸಿಯೇ ಪಾಠ ಹೇಳತಕ್ಕದ್ದು. ಖಾನಾಪುರದ ಆ ಅಧ್ಯಾಪಕರಿಗೆ ನಾವು ಕೊಟ್ಟ ಉತ್ತರವೂ ಇಷ್ಟೇ: ಯಾರು ಯಾರೊಡನೆ ಎಂಬುದಕ್ಕಿಂತ, ಎದುರಿನ ದೇಹವನ್ನೂ ತನ್ನ ಕೈಯನ್ನೂ ಬಲ್ಲೆಯಾ, ಸಾಕೆಂದಾಗ ನಿಲ್ಲಬಲ್ಲೆಯಾ ಎಂಬುದೇ ಮೊದಲ ಪ್ರಶ್ನೆ. ಮಲಯವತಿಯ ಮರಣದಿಂದ ಕುಂತಲದವರಾದ ನಾವು ಕಲಿಯಬೇಕಾದುದೂ ಅದನ್ನೇ.