ಅಡುಗೆಮನೆಯ ಸಾಕ್ಷಿ: ಒಂದು ಕಿರುಹೊತ್ತಗೆಯ ಮರುಓದು

ಕಚೇರಿಯಲ್ಲಿ ಪಕ್ಕದ ಮೇಜಿನವರೊಡನೆ ವಿಶ್ವಾಸದ ಮಾತೆತ್ತಲು ನಮಗೇಕೆ ಅಷ್ಟು ಸಂಕೋಚ? ಈ ಪ್ರಶ್ನೆಯನ್ನು ಮನದಲ್ಲಿರಿಸಿಕೊಂಡು ‘ದೇವಸಾನ್ನಿಧ್ಯದ ಅಭ್ಯಾಸ’ವೆಂಬ ಪುಟ್ಟ ಫ್ರೆಂಚ್ ಕೃತಿಯನ್ನು ಓದಿ ನೋಡಿ. ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದು 1691ರಲ್ಲಿ ನಿಧನರಾದ ಸಹೋದರ ಲಾರೆನ್ಸರ ಮಾತು, ಪತ್ರಗಳನ್ನು ಜೋಸೆಫ್ ದ ಬೋಫೋರ್ ಎಂಬ ಗುರುಗಳು ಸಂಗ್ರಹಿಸಿದರು.

ಕೃತಿಯ ಸೊಗಸಿರುವುದು ಅದರ ಪ್ರಾಮಾಣಿಕತೆಯಲ್ಲಿ. ಲಾರೆನ್ಸರಿಗೆ ಅಡುಗೆಯ ಕೆಲಸ ಸ್ವಭಾವತಃ ಹಿಡಿಸದು. ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳುಹಿಸಿದಾಗ, ಕುಂಟುಗಾಲಿನ ಅವರು ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಚಲಿಸಬೇಕಾಯಿತು, ವ್ಯಾಪಾರವಂತೂ ಬಾರದು. ಆದರೂ ಕೆಲಸ ದೇವರದೆಂದು ನಂಬಿ ಮುಗಿಸಿ ಬಂದರು. ಆ ನೆಮ್ಮದಿಯ ಗುಟ್ಟನ್ನು ಕೇಳಿಕೊಂಡು ಬಂದವರಿಗೆ ಸರಳವಾಗಿ ಉತ್ತರಿಸಿದರು.

ಕೊರತೆಯೂ ಇದೆ. ಅವರೊಂದಿಗೆ ಪಾತ್ರೆ ತೊಳೆದವರ ದನಿ ಇಲ್ಲಿ ಕೇಳಿಸದು. ಮೇಲಾಗಿ, ಮಠದಲ್ಲಿ ಸುತ್ತಲಿದ್ದವರೆಲ್ಲ ವಿಶ್ವಾಸಿಗಳೇ. ನಮ್ಮ ಕಚೇರಿಗಳು ಹಾಗಲ್ಲವಷ್ಟೆ. ಆದ್ದರಿಂದ ಜಗದ್ಗುರು ಆರನೇ ಪೌಲರು 1975ರಲ್ಲಿ ಶುಭಸಂದೇಶ ಪ್ರಸಾರವನ್ನು ಕುರಿತು ಬರೆದ ಪ್ರೇರಣಾಪತ್ರವನ್ನೂ ಜೊತೆಗಿರಿಸಿಕೊಳ್ಳಬೇಕು. ಮಾತಿಲ್ಲದ ಸಾಕ್ಷ್ಯವೇ ಮೊದಲು, ಆದರೆ ಅದೊಂದೇ ಸಾಲದೆನ್ನುತ್ತಾರೆ ಅವರು. ಲಾರೆನ್ಸರನ್ನಷ್ಟೇ ಓದಿದರೆ ನಮ್ಮ ಅಂಜಿಕೆಯೇ ಮೌನಸಾಕ್ಷ್ಯವೆನಿಸಿಕೊಂಡೀತು.

ಒಂದು ವಿಭೂತಿ ಬುಧವಾರ ಸಹೋದ್ಯೋಗಿಯೊಬ್ಬರು ನನ್ನ ಹಣೆ ನೋಡಿ, “ನಿಮ್ಮಲ್ಲೂ ವಿಭೂತಿಯೇ?” ಎಂದು ಪ್ರೀತಿಯಿಂದಲೇ ಕೇಳಿದರು. “ಏನಿಲ್ಲ, ಒಂದು ಸಂಪ್ರದಾಯ” ಎಂದು ಕರವಸ್ತ್ರದಿಂದ ಒರೆಸಿಕೊಂಡೆ. ಅವರು ಮತ್ತೆಂದೂ ಕೇಳಲಿಲ್ಲ.