ಲಂಡನ್ ಎಂಬ ಕಾಡು

ಚಿತ್ರಪುಸ್ತಕವೆಂದರೆ ಮಕ್ಕಳದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಗು ಅಕ್ಷರ ಕಲಿತ ಮೇಲೆ ಚಿತ್ರದ ಅಗತ್ಯವೇ ಇಲ್ಲವೆಂದು ದೊಡ್ಡವರಾದ ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಚೆನ್ನೈಯ ತಾರಾ ಬುಕ್ಸ್ 2004ರಲ್ಲಿ ಪ್ರಕಟಿಸಿದ ಭಜ್ಜು ಶ್ಯಾಮ್ ಅವರ ‘ದಿ ಲಂಡನ್ ಜಂಗಲ್ ಬುಕ್’ ಓದಿದವರು ಈ ತೀರ್ಮಾನವನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ಭಜ್ಜು ಮಧ್ಯಪ್ರದೇಶದ ಪಾಟನ್‌ಗಢದ ಗೊಂಡ ಕಲಾವಿದ. ಹೊಟ್ಟೆಪಾಡಿಗಾಗಿ ಭೋಪಾಲಕ್ಕೆ ಬಂದು ರಾತ್ರಿ ಕಾವಲುಗಾರನಾಗಿ ದುಡಿದವರು. ಬಂಧುವೂ ಹಿರಿಯ ಕಲಾವಿದರೂ ಆಗಿದ್ದ ಜನಗಢ ಸಿಂಗ್ ಶ್ಯಾಮ್ ಅವರ ಕೈಕೆಳಗೆ ಚಿತ್ರ ಕಲಿತರು. ಆ ಜನಗಢ 2001ರಲ್ಲಿ ಜಪಾನಿನ ಮ್ಯೂಸಿಯಂ ಒಂದರಲ್ಲಿ ಚಿತ್ರ ಬರೆಯಲು ಹೋದವರು ಜೀವಂತವಾಗಿ ಮರಳಲಿಲ್ಲ. ಅವರ ಶಿಷ್ಯ ಲಂಡನ್ನಿನ ಹೋಟೆಲೊಂದರ ಗೋಡೆಗೆ ಚಿತ್ರ ಬಿಡಿಸಲು ಹೋಗಿ, ಅಲ್ಲಿ ಎರಡು ತಿಂಗಳು ಕಂಡದ್ದೇ ಈ ಪುಸ್ತಕ.

ಇಲ್ಲಿ ವಿಮಾನವೆಂದರೆ ರೆಕ್ಕೆ ಮೂಡಿದ ಆನೆ. ನೆಲದಡಿಯ ರೈಲು ದೈತ್ಯ ಎರೆಹುಳ. ಬಿಗ್ ಬೆನ್ ಗಡಿಯಾರ ಹೊತ್ತು ಸಾರುವ ಹುಂಜದೊಡನೆ ಬೆರೆತಿದೆ. 30ನೇ ನಂಬರಿನ ಬಸ್ಸು ನಂಬಿಕೆಯ ನಾಯಿ. ಸಂಜೆ ಪಬ್ಬಿನಲ್ಲಿ ನೆರೆಯುವ ಆಂಗ್ಲರು ಇಪ್ಪೆ ಮರಕ್ಕೆ ಬಂದ ಬಾವಲಿಗಳು!

ಮಗು ಇದನ್ನು ನೋಡಿ ನಗುತ್ತದೆ. ದೊಡ್ಡವರೂ ನಗುತ್ತಾರೆ, ಆದರೆ ನಕ್ಕ ಮೇಲೆ ತುಸು ಯೋಚಿಸಬೇಕಾಗುತ್ತದೆ. ಕಿಪ್ಲಿಂಗ್ 1894ರ ತನ್ನ ‘ಜಂಗಲ್ ಬುಕ್’ನಲ್ಲಿ ಮಧ್ಯ ಭಾರತದ ಕಾಡನ್ನು ಇಂಗ್ಲಿಷಿಗೆ ತಂದ. ವೆರಿಯರ್ ಎಲ್ವಿನ್ ಪಾಟನ್‌ಗಢದಲ್ಲೇ ನೆಲೆಸಿ ಆದಿವಾಸಿಗಳ ಬಗ್ಗೆ ಬರೆದರು. ಇಷ್ಟು ಕಾಲ ನೋಡಿಸಿಕೊಂಡವರು ಈಗ ನೋಡುವವರಾಗಿದ್ದಾರೆ. ಆದರೂ ಇಲ್ಲಿ ಹಗೆಯಿಲ್ಲ. ಭಜ್ಜು ಯಾರನ್ನೂ ಗೇಲಿ ಮಾಡುವುದಿಲ್ಲ. ಪರಿಚಯವಿಲ್ಲದ ಊರಿನಲ್ಲಿ ದಾರಿ ತಪ್ಪದಂತೆ ಕರೆದೊಯ್ದ ಬಸ್ಸನ್ನು ನಾಯಿಗೆ ಹೋಲಿಸುವುದು ಅವರ ಮಟ್ಟಿಗೆ ಕೃತಜ್ಞತೆಯ ಮಾತು.

ಕೊರತೆಯೊಂದಿದೆ. ಭಜ್ಜು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರಹಕ್ಕಿಳಿಸಿದವರು ಗೀತಾ ವುಲ್ಫ್ ಮತ್ತು ಸಿರೀಶ್ ರಾವ್. ಮಾತು ತಿದ್ದಿದಷ್ಟು ನುಣುಪಾಗಿದ್ದು, ಕೆಲವೆಡೆ ಚಿತ್ರ ಆಗಲೇ ಹೇಳಿದ್ದನ್ನು ಮತ್ತೆ ವಿವರಿಸುತ್ತದೆ. ಕಲಾವಿದನ ಅಂಜಿಕೆ, ಒಂಟಿತನಗಳು ಬರಹಕ್ಕಿಂತ ಗೆರೆಗಳಲ್ಲೇ ಹೆಚ್ಚು ಕಾಣುತ್ತವೆ.

ನಮ್ಮ ಕರಾವಳಿಯಿಂದ ಗಲ್ಫಿಗೆ ಹೋದವರು ಎಷ್ಟು ಮಂದಿ! ಅವರು ಮನೆಗೆ ಕಳಿಸಿದ ಹಣದ ಲೆಕ್ಕ ನಮ್ಮಲ್ಲಿದೆ. ಆ ನಗರಗಳು ಅವರ ಕಣ್ಣಿಗೆ ಯಾವ ಪ್ರಾಣಿಯಾಗಿ ಕಂಡವೆಂದು ನಾವು ಎಂದಾದರೂ ಕೇಳಿದ್ದೇವೆಯೇ? ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪುಸ್ತಕದ ಪುಟ ತಿರುವುವ ತಂದೆಗೆ ಹೇಳಲು ತನ್ನದೂ ಒಂದು ಕಥೆಯಿರಬಹುದು.