ಬೋರ್ಡು ಓದುವ ಕಾನೂನು, ಹೆಸರು ಓದುವ ಧಣಿ

ಠಾಣೆ ಸ್ಟೇಷನ್ನಿಂದ ಬಸ್ಸು ಹಿಡಿದು ವರ್ತಕ ನಗರಕ್ಕೆ ಬರುವಾಗ ಕಿಟಕಿ ಪಕ್ಕ ಕೂತು ಅಂಗಡಿಗಳ ಬೋರ್ಡು ನೋಡುತ್ತಾ ಬನ್ನಿ. (ಹೆಸರು ಕೇಳಿ ಇದು ವ್ಯಾಪಾರಿಗಳ ಪೇಟೆ ಅಂದುಕೊಳ್ಳಬೇಡಿ. ಮರಾಠಿಯಲ್ಲಿ ವರ್ತಕ್ ಅನ್ನುವುದು ಒಂದು ಮನೆತನದ ಹೆಸರು. ಇಲ್ಲಿ ಹೆಚ್ಚಾಗಿ ಕಾಣುವುದು ಹೌಸಿಂಗ್ ಬೋರ್ಡಿನ ಹಳೆ ಕಟ್ಟಡಗಳು, ಅವನ್ನು ಒಡೆದು ಎಬ್ಬಿಸಿದ ಟವರುಗಳು.) ಇಂಗ್ಲಿಷ್ ದೊಡ್ಡದಾಗಿದ್ದ ಎಷ್ಟೋ ಬೋರ್ಡುಗಳಲ್ಲಿ ಈಗ ಮರಾಠಿ ದೊಡ್ಡದಾಗಿದೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಅದಕ್ಕೆ ಕಾರಣ. ವ್ಯಾಪಾರಿಗಳು ಕೋರ್ಟಿಗೆ ಹೋದರು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ದಸರಾ ದೀಪಾವಳಿ ಬರುತ್ತಿದೆ, ಎರಡು ತಿಂಗಳೊಳಗೆ ಬೋರ್ಡು ಬದಲಿಸಿ ಅಂತ ಹೇಳಿತು. ನಮ್ಮ ಕರಾವಳಿಯ ಹೋಟೆಲಿನವರೂ ಬದಲಿಸಿದರು.

ಬೋರ್ಡಿನ ಬಗ್ಗೆ ನನ್ನ ತಕರಾರಿಲ್ಲ. ಯಾವ ನೆಲದ ಅನ್ನ ತಿನ್ನುತ್ತೇವೋ ಆ ನೆಲದ ಭಾಷೆ ಬೋರ್ಡಿನ ಮೇಲಿರಲಿ. ನೀವು ಗಮನಿಸಬೇಕಾದ್ದು ಬೇರೆ. ಇದೇ ಕಾಯ್ದೆ 2017ರಲ್ಲಿ ಬಂದಾಗ ಕೆಲಸದ ಗಂಟೆ, ವಾರದ ರಜೆ, ಹೆಣ್ಣುಮಕ್ಕಳ ರಕ್ಷಣೆ ಇವೆಲ್ಲ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ ಮಾತ್ರ ಎಂದು ಗೆರೆ ಎಳೆದಿತ್ತು. ಹತ್ತಕ್ಕಿಂತ ಕಡಿಮೆ ಇದ್ದರೆ ವ್ಯಾಪಾರ ಶುರು ಮಾಡಿದ್ದೇನೆ ಅಂತ ತಿಳಿಸಿದರೆ ಸಾಕು. 2022ರ ತಿದ್ದುಪಡಿ ಆ ಗೆರೆ ದಾಟಿ ಸಣ್ಣ ಅಂಗಡಿಯೊಳಗೂ ಬಂತು. ಆದರೆ ಬಂದದ್ದು ಬೋರ್ಡಿಗಾಗಿ! ಏಳು ಜನ ದುಡಿಯುವ ಹೋಟೆಲಿನಲ್ಲಿ ಅಕ್ಷರದ ಗಾತ್ರ ಎಷ್ಟಿರಬೇಕು ಎಂದು ಆ ಕಾಯ್ದೆ ಹೇಳುತ್ತದೆ, ಒಳಗೆ ಪಾತ್ರೆ ತೊಳೆಯುವವನು ಎಷ್ಟು ಗಂಟೆ ನಿಲ್ಲಬೇಕು ಎಂದು ಹೇಳುವುದಿಲ್ಲ. ಸಾಲದ್ದಕ್ಕೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಲು, ದಿನದ ಒಂಬತ್ತು ಗಂಟೆಯ ಕೆಲಸವನ್ನು ಹತ್ತಕ್ಕೆ ಏರಿಸಲು ಒಪ್ಪಿಗೆ ಕೊಟ್ಟಿತು.

ಅದರ ಬೆನ್ನಿಗೇ, 2025ರ ನವೆಂಬರ್ 21ರಂದು, ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕಾಯ್ದೆಗಳನ್ನು ನಾಲ್ಕು ಪುಸ್ತಕಗಳೊಳಗೆ ತುಂಬಿದ್ದಾರೆ. ಒಂದು ಕಡೆ ಜಾಹೀರಾತು, ಇನ್ನೊಂದು ಕಡೆ ಯೂನಿಯನ್‌ಗಳ ಪ್ರತಿಭಟನೆ. ನಾವು ಕಥೆ ಕವಿತೆಗಳನ್ನು ವಿಮರ್ಶೆ ಮಾಡುವವರು ಕಾನೂನನ್ನೂ ಹಾಗೆಯೇ ಓದಬೇಕು ಎಂಬುದು ನನ್ನ ಹಠ. ಕಥೆಯಲ್ಲಿ ಯಾರಿದ್ದಾರೆ, ಯಾರಿಲ್ಲ, ಯಾವ ಶಬ್ದ ಯಾಕೆ ಬದಲಾಯಿತು? ಕಾನೂನು ಓದುವ ವಿದ್ಯಾರ್ಥಿಗಳು ಇದನ್ನು ಹುಡುಗಾಟ ಅನ್ನಬಹುದು. ಅನ್ನಲಿ.

ಒಂದು ಶಬ್ದ ನೋಡಿ. ಹಳೆಯ ಕಾಯ್ದೆಗಳಲ್ಲಿ ಇನ್ಸ್‌ಪೆಕ್ಟರ್ ಇದ್ದ. ಹೊಸದರಲ್ಲಿ ಅವನು 'ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್', ಅಂದರೆ ತಪಾಸಣೆಯ ಜೊತೆಗೆ ಅನುಕೂಲವನ್ನೂ ಮಾಡಿಕೊಡುವವನು. ಇನ್ಸ್‌ಪೆಕ್ಟರ್ ಬಂದರೆ ಗಲ್ಲಾದಲ್ಲಿ ಕೂತವರು ಕವರು ರೆಡಿ ಮಾಡುತ್ತಿದ್ದದ್ದು ಗೊತ್ತಿಲ್ಲದವರು ಯಾರು? ಆ ಕಾಟ ತಪ್ಪಲಿ ಅನ್ನುವುದು ನ್ಯಾಯವೇ. ಆದರೆ ಅನುಕೂಲ ಯಾರಿಗೆ? ದೂರು ಕೊಡಬೇಕಾದ ಹುಡುಗನ ಕಿವಿಗೆ ಈ ಹೆಸರು ಹೇಗೆ ಕೇಳಿಸುತ್ತದೆ ಎಂದು ಬರೆದವರು ಯೋಚಿಸಿದಂತಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಅವಧಿಗೆ ನೇಮಕವಾದವರಿಗೆ ಐದು ವರ್ಷದ ಬದಲು ಒಂದೇ ವರ್ಷಕ್ಕೆ ಗ್ರಾಚ್ಯುಟಿಯ ಹಕ್ಕು ಬಂದಿದೆ. ಆ್ಯಪ್ ನಂಬಿ ಬೈಕು ಓಡಿಸುವವರಿಗೆ ಕೇಂದ್ರ ಕಾನೂನಿನಲ್ಲಿ ಮೊದಲ ಬಾರಿ ಒಂದು ಹೆಸರು ಸಿಕ್ಕಿದೆ. ಎಲ್ಲಕ್ಕಿಂತ ಹೆಚ್ಚಾಗಿ ಅಪಾಯಿಂಟ್‌ಮೆಂಟ್ ಲೆಟರ್ ಕಡ್ಡಾಯವಾಗಿದೆ. ಇದರ ಬೆಲೆ ನಮ್ಮ ಏರಿಯಾದವರಿಗೆ ಗೊತ್ತು. ಪೋಖರಣ್ ರೋಡಿನ ರೇಮಂಡ್ ಗಿರಣಿ ನಡೆಯುತ್ತಿದ್ದಾಗ ಅಲ್ಲಿ ದುಡಿಯುವವನಿಗೆ ಕಾರ್ಡು, ಪಿಎಫ್, ಯೂನಿಯನ್ ಎಲ್ಲ ಇತ್ತು. 2009ರಲ್ಲಿ ಗಿರಣಿ ನಿಂತಿತು. ಇವತ್ತು ಆ ಜಾಗದಲ್ಲಿ ಎತ್ತರದ ಫ್ಲ್ಯಾಟುಗಳು. ಅಲ್ಲಿ ದುಡಿಯುವವರು ವಾಚ್‌ಮ್ಯಾನ್, ಹೌಸ್‌ಕೀಪಿಂಗ್, ಡೆಲಿವರಿ ಹುಡುಗರು. ಯಾರ ಆಳು ಎಂದು ಕೇಳಿದರೆ ಕಾಂಟ್ರಾಕ್ಟರನ ಹೆಸರೂ ಸರಿಯಾಗಿ ಹೇಳಲಾರರು. ಉಡುಪಿ ಕಡೆಯ ಒಬ್ಬ ಹುಡುಗ ಇಲ್ಲಿ ಒಂದೇ ಹೋಟೆಲಿನಲ್ಲಿ ಒಂಬತ್ತು ವರ್ಷ ಸಪ್ಲಾಯರ್ ಆಗಿದ್ದ. ಬಾಡಿಗೆ ರೂಮಿಗೆ ಕೆಲಸದ ಪುರಾವೆ ಕೇಳಿದಾಗ ಅವನ ಕೈಯಲ್ಲಿ ಇದ್ದದ್ದು ಹೋಟೆಲಿನ ಹೆಸರು ಅಚ್ಚಾದ ಒಂದು ಟೀ ಶರ್ಟು.

ಅವನಿಗೆ ಈಗ ಲೆಟರ್ ಸಿಗುತ್ತದಾ? ಸರಕಾರದ ಪ್ರಕಟಣೆ 'ಎಲ್ಲ ಕಾರ್ಮಿಕರಿಗೆ' ಅನ್ನುತ್ತದೆ. ಪುಸ್ತಕ ತೆರೆದರೆ, ಲೆಟರ್ ಕೊಡಬೇಕು ಎನ್ನುವ ಸಂಹಿತೆ 'ಸಂಸ್ಥೆ' ಎಂದು ಕರೆಯುವುದೇ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಜಾಗವನ್ನು. ಮತ್ತೆ ಅದೇ ಹತ್ತು.

ಇಷ್ಟೆಲ್ಲ ಒಳಗೆ ಸೇರಿದ ಮೇಲಿನ ಮಾತಾಯಿತು. ಬಾಗಿಲಲ್ಲಿ ಏನಾಗುತ್ತದೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಇಲ್ಲಿ ಕೆಲಸ ಕೇಳಿಕೊಂಡು ಹೋದರೆ ಮೊದಲು ಕೇಳುವುದು 'ನಾವ್ ಕಾಯ್?' ಹೆಸರು ಹೇಳಿದರೆ ಸಾಲದು, ಮುಂದಿನ ಪ್ರಶ್ನೆ 'ಪೂರ್ಣ ನಾವ್?' ಪೂರ್ತಿ ಹೆಸರು ಕೇಳುವುದು ಯಾಕೆ ಅಂತ ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ನನ್ನ ಪರಿಚಯದ ಒಬ್ಬಳು ಹುಡುಗಿ, ಬಿ.ಕಾಂ. ಮುಗಿಸಿದವಳು, ಬಯೋಡೇಟಾದಲ್ಲಿ ಹೆಸರನ್ನು ಬರೀ ಇನಿಶಿಯಲ್ಲಿಗೆ ಇಳಿಸಿದ್ದಾಳೆ. 'ಇಂಟರ್‌ವ್ಯೂವರೆಗಾದರೂ ತಲುಪಬೇಕಲ್ಲ ಅಂಕಲ್' ಅಂದಳು. ಕಾನೂನು ಓದಿಸಿ ಸಮಾಧಾನ ಮಾಡೋಣ ಅಂತ ಕೂತೆ. ಸಿಕ್ಕಿದ್ದು ಏನು ಗೊತ್ತೇ?

ವೇತನ ಸಂಹಿತೆಯ ಮೂರನೇ ಕಲಂ, ಸಂಬಳದಲ್ಲಿ ಲಿಂಗಭೇದ ಮಾಡಬಾರದು, ನೇಮಕದಲ್ಲೂ ಮಾಡಬಾರದು ಅನ್ನುತ್ತದೆ. ಕೆಲಸಗಾರರ ಸಂಖ್ಯೆ ಎಷ್ಟೇ ಇದ್ದರೂ ಇದು ಅನ್ವಯ. ಒಳ್ಳೆಯದೇ. ಆದರೆ ವಾಕ್ಯ ಅಲ್ಲಿಗೇ ನಿಲ್ಲುತ್ತದೆ. ಧರ್ಮ ಇಲ್ಲ, ಜಾತಿ ಇಲ್ಲ. ಮಹಾರಾಷ್ಟ್ರದ ಅಂಗಡಿ ಕಾಯ್ದೆಯ 13ನೇ ಕಲಂ ಕೂಡ ಹೆಣ್ಣುಮಕ್ಕಳ ವಿಷಯದಲ್ಲಿ ಭೇದ ಬೇಡ ಎಂದು ಹೇಳಿ ಸುಮ್ಮನಾಗುತ್ತದೆ. ಸಂವಿಧಾನದ 16ನೇ ವಿಧಿ ಧರ್ಮ, ಜಾತಿ, ಹುಟ್ಟಿದ ಊರು ಎಲ್ಲವನ್ನೂ ಹೆಸರಿಸುತ್ತದೆ, ಆದರೆ ಅದು ಸರಕಾರಿ ಕೆಲಸಕ್ಕೆ. ತಾಲೂಕು ಆಫೀಸಿನ ಜವಾನನ ಹುದ್ದೆಗೆ ಇರುವ ರಕ್ಷಣೆ ಖಾಸಗಿ ಕಂಪನಿಯ ಅಕೌಂಟೆಂಟ್ ಹುದ್ದೆಗೆ ಇಲ್ಲ.

ಇದು ನಮ್ಮವರ ಅನುಮಾನವಷ್ಟೇ ಅನ್ನುವವರಿಗೆ ಎರಡು ಸಂಗತಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಯ ಉದ್ಯೋಗ ಜಾಹೀರಾತುಗಳಿಗೆ ಒಂದೇ ಮಟ್ಟದ ಓದು ಇರುವ ಅರ್ಜಿಗಳನ್ನು ಬೇರೆ ಬೇರೆ ಹೆಸರಲ್ಲಿ ಕಳಿಸಿ ನೋಡಿದ್ದರು. ಮೇಲ್ಜಾತಿ ಹಿಂದೂ ಹೆಸರಿಗೆ ಕರೆ ಬರುವ ಸಂಭವವನ್ನು ಒಂದು ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಎರಡನೆಯದು 2015ರಲ್ಲಿ ಮುಂಬೈಯಲ್ಲೇ ನಡೆದದ್ದು. ವಜ್ರ ರಫ್ತಿನ ಒಂದು ಕಂಪನಿ ಎಂಬಿಎ ಓದಿದ ಯುವಕನಿಗೆ, ನಾವು ಮುಸ್ಲಿಮೇತರರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಇಮೇಲಿನಲ್ಲೇ ಉತ್ತರ ಕೊಟ್ಟಿತು. ದೊಡ್ಡ ಸುದ್ದಿಯಾಯಿತು. ಪೊಲೀಸರು ಕೇಸು ಹಾಕಿದ್ದು ದಂಡ ಸಂಹಿತೆಯ 153ಬಿ ಅಡಿಯಲ್ಲಿ, ರಾಷ್ಟ್ರೀಯ ಏಕತೆಗೆ ಧಕ್ಕೆ ತರುವುದರ ಕಲಂ. ಕೆಲಸ ಸಿಗದವನ ನೋವಿಗೆ ಕಾರ್ಮಿಕ ಕಾನೂನಿನಲ್ಲಿ ಜಾಗ ಸಿಗದೆ ರಾಷ್ಟ್ರೀಯ ಏಕತೆಯ ಬಾಗಿಲು ತಟ್ಟಬೇಕಾಯಿತು. ಆ ಕಂಪನಿಯವರು ಬರೆದದ್ದರಿಂದ ಸಿಕ್ಕಿಬಿದ್ದರು. ಬರೆಯದವರದ್ದು?

ಖಾಸಗಿಯವನ ಅಂಗಡಿ, ಅವನಿಗೆ ಬೇಕಾದವರನ್ನು ಇಟ್ಟುಕೊಳ್ಳುತ್ತಾನೆ, ಕಾನೂನು ಏನು ಮಾಡೀತು ಎಂದು ನೀವು ಕೇಳಬಹುದು. ಮಾಡಿದೆಯಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿ ಬರೆದಿಡಬೇಕು ಅಂದಿತು. 2017ರ ಕಾಯ್ದೆ ಎಚ್‌ಐವಿ ಇರುವವರಿಗೆ ಕೆಲಸ ನಿರಾಕರಿಸಬಾರದು ಅಂದಿತು. 2019ರ ಕಾಯ್ದೆ ತೃತೀಯ ಲಿಂಗಿಗಳ ನೇಮಕ, ಬಡ್ತಿ ಎರಡರಲ್ಲೂ ಭೇದ ಬೇಡ ಅಂದಿತು. ಮೂರು ವರ್ಷ, ಮೂರೂ ಖಾಸಗಿ ಧಣಿಯ ಬಾಗಿಲು ದಾಟಿ ಒಳಗೆ ಹೋದ ಕಾನೂನುಗಳು. ಹಾಗಾಗಿ ಆಗುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಸಾಚಾರ್ ಸಮಿತಿ 2006ರಲ್ಲಿ ಸಮಾನ ಅವಕಾಶ ಆಯೋಗ ಬೇಕು ಅಂದಿತ್ತು. ಮಾಧವ ಮೆನನ್ ನೇತೃತ್ವದ ತಜ್ಞರ ತಂಡ 2008ರಲ್ಲಿ ಅದಕ್ಕೆ ಕರಡನ್ನೂ ಬರೆದುಕೊಟ್ಟಿತು. ಶಶಿ ತರೂರ್ ಖಾಸಗಿ ಮಸೂದೆ ತಂದರು. ಯಾವುದೂ ಕಾನೂನಾಗಲಿಲ್ಲ. 29 ಕಾಯ್ದೆಗಳನ್ನು ಬಿಚ್ಚಿ ಹೊಲಿಯುವಾಗಲಾದರೂ ಒಂದು ಸಾಲು ಸೇರಿಸಬಹುದಿತ್ತು. ಸೇರಿಸಲಿಲ್ಲ ಎಂಬುದೇ ಈ ಸಂಹಿತೆಗಳ ಮೇಲೆ ನನ್ನ ದೊಡ್ಡ ಆಕ್ಷೇಪ.

ಖಾಡಿಯಾಚೆ ಐರೋಲಿಯ ಐಟಿ ಪಾರ್ಕುಗಳಿಗೆ ನಮ್ಮ ಮಕ್ಕಳು ದಿನಾ ರೈಲು ಹತ್ತುತ್ತಾರೆ. ಅಲ್ಲಿ 'ಡೈವರ್ಸಿಟಿ, ಇನ್‌ಕ್ಲೂಷನ್' ಅನ್ನುವ ಮಾತು ತುಂಬ ಚಾಲ್ತಿಯಲ್ಲಿದೆ. ಷೇರುಪೇಟೆಯ ಮೊದಲ ಒಂದು ಸಾವಿರ ಕಂಪನಿಗಳು 2022-23ರಿಂದ ಸೆಬಿಗೆ ಕೊಡುವ ವರದಿಯಲ್ಲಿ ಹೆಣ್ಣುಮಕ್ಕಳೆಷ್ಟು, ಅಂಗವಿಕಲರೆಷ್ಟು ಅಂತ ಲೆಕ್ಕ ತೋರಿಸಲೇಬೇಕು. ಹಾಗೆ ಕೇಳಿದ್ದರಿಂದಲೇ ಕಂಪನಿಗಳು ಎಣಿಸಲು ಶುರು ಮಾಡಿವೆ. ಧರ್ಮದ, ಜಾತಿಯ ಲೆಕ್ಕ ಯಾರೂ ಕೇಳಿಲ್ಲ, ಅದಕ್ಕೆ ಯಾರೂ ಎಣಿಸಿಲ್ಲ.

ಈಗ ಬರುವುದು ನಮಗೆ ಕಹಿಯಾದ ಮಾತು. ಧಣಿ ಅಂದಾಗ ನಾವು ಬೇರೆ ಯಾರನ್ನೋ ನೆನೆಯುತ್ತೇವೆ. ಈ ಲೇಖನ ಓದುವವರಲ್ಲೇ ಎಷ್ಟೋ ಮಂದಿ ನಾಲ್ಕು, ಆರು, ಎಂಟು ಜನರಿಗೆ ಕೆಲಸ ಕೊಟ್ಟವರು. ಮುಂಬೈ ಠಾಣೆಯ ಕನ್ನಡಿಗರ ಹೋಟೆಲುಗಳು ಬೆಳೆದದ್ದೇ ಊರಿಂದ ಹುಡುಗರನ್ನು ಕರೆಸಿಕೊಂಡು. ಮಾಣಿಯಾಗಿ ಬಂದವನು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕಥೆ ಮನೆಮನೆಯಲ್ಲಿದೆ, ಅದು ಸುಳ್ಳಲ್ಲ. ಅದೇ ಹೋಟೆಲಿನ ಒಲೆಯ ಮುಂದೆ ಯಾವ ಜಾತಿಯವನು ನಿಲ್ಲಬೇಕು, ಎಂಜಲು ತಟ್ಟೆ ಯಾರು ಎತ್ತಬೇಕು ಎಂಬ ಲೆಕ್ಕವೂ ಸುಳ್ಳಲ್ಲ. (ಹದಿನಾಲ್ಕು ತುಂಬದ ಮಾಣಿಗಳನ್ನು ಹೋಟೆಲಿಂದ ಬಿಡಿಸಿದ್ದು 2006ರ ಅಕ್ಟೋಬರಿನ ಕಾನೂನು, ಧಣಿಗಳ ಕರುಣೆ ಅಲ್ಲ.) ನಮ್ಮ ಬಟ್ಟೆ ಅಂಗಡಿ, ಹಣ್ಣಿನ ಅಂಗಡಿಗಳೂ ಬೇರೆ ಅಲ್ಲ. 'ನಮ್ಮ ಕಡೆಯವನೇ ಆಗಬೇಕು' ಅನ್ನುವುದು ಪ್ರೀತಿಯ ಮಾತಿನಂತೆ ಕೇಳುತ್ತದೆ. ಹೊರಗೆ ನಿಂತವನಿಗೆ ಅದು ಆ ವಜ್ರದ ಕಂಪನಿಯ ಇಮೇಲಿನಂತೆಯೇ ಕೇಳುತ್ತದೆ.

ಇರುವ ಕಾನೂನನ್ನಾದರೂ ನಾವು ಪಾಲಿಸುತ್ತೇವಾ? ತರಕಾರಿ ಹೆಚ್ಚಲು, ಗುಡಿಸಲು ಬರುವ ಹೆಂಗಸರಿಗೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ, ಅಲ್ಲಿ ಹತ್ತು ಜನ ಕೆಲಸಗಾರರು ಇಲ್ಲದಿದ್ದರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. 2013ರಿಂದ ಈ ದಾರಿ ಇದೆ, ಮನೆಗೆಲಸದವರಿಗೂ ಇದೆ. ನಿಮ್ಮ ಅಂಗಡಿಯಲ್ಲಿ ಅವರಿಗೆ ಇದನ್ನು ಹೇಳಿದವರು ಯಾರು? ಲೆಟರಿನ ಮಾತೂ ಹಾಗೆಯೇ. ಏಳು ಜನರಿದ್ದರೆ ಕಾನೂನು ಬಲವಂತ ಮಾಡುವುದಿಲ್ಲ, ಕೊಡಬೇಡಿ ಅಂತಲೂ ಹೇಳಿಲ್ಲ. ಹೆಸರು, ಸೇರಿದ ತಾರೀಕು, ಸಂಬಳ, ಒಂದು ಸಹಿ. ಅರ್ಧ ಪುಟ.

ಕಳೆದ ತಿಂಗಳು ನಮ್ಮ ಕಡೆಯ ಒಬ್ಬ ವ್ಯಾಪಾರಿ ನನ್ನ ಹತ್ತಿರ ಮಗನ ಕಷ್ಟ ಹೇಳಿಕೊಂಡರು. ಡಿಪ್ಲೊಮಾ ಮುಗಿಸಿದ್ದಾನೆ, ವಾಗ್ಳೆ ಎಸ್ಟೇಟಿನಲ್ಲಿ ಎಷ್ಟು ಕಡೆ ಸುತ್ತಿದರೂ ಹೆಸರು ಹೇಳಿದ ಕೂಡಲೇ 'ಆಮೇಲೆ ಫೋನ್ ಮಾಡುತ್ತೇವೆ' ಅನ್ನುತ್ತಾರಂತೆ. ಮಾತಾಡುತ್ತಾ ಅವರ ಅಂಗಡಿಯ ಗಾಜಿನ ಮೇಲೆ ಕಣ್ಣು ಹೋಯಿತು. ಬೋರ್ಡು ಕಾನೂನಿನ ಪ್ರಕಾರ ಮರಾಠಿಯಲ್ಲಿ, ಚೆಂದ ಇದೆ. ಕೆಳಗೆ ಟೇಪು ಹಚ್ಚಿದ ಕನ್ನಡದ ಚೀಟಿ: 'ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ. ನಮ್ಮವರಿಗೆ ಮಾತ್ರ.' ಕಾಕ, ಕೊನೆಯ ಸಾಲು ಯಾಕೆ, ಅಂದೆ. ಸ್ವಲ್ಪ ಹೊತ್ತು ಚೀಟಿ ನೋಡಿದರು. 'ನೋಡುವ ಮಾರಾಯ' ಅಂದರು. ನಿನ್ನೆ ಆ ದಾರಿಯಲ್ಲಿ ಬಂದೆ. ಚೀಟಿ ಹಾಗೆಯೇ ಇತ್ತು.